ಓ80 ಹಾಕುವ ಮುಂಚೆ ಒಂದು ನಿಮಿಷ

ಮೈಸೂರು ಮೆಡಿಕಲ್ ಕೋಡಿಂಗ್ ಗೆಳೆಯರೇ, ನಾರ್ಮಲ್ ಡೆಲಿವರಿ ಅಂದ ತಕ್ಷಣ ಓ80 (ತೊಡಕಿಲ್ಲದ ಪೂರ್ಣಾವಧಿ ಹೆರಿಗೆಯ ಕೋಡ್) ಹಾಕಿಬಿಡಬೇಡಿ. ಐಸಿಡಿ-10-ಸಿಎಂ ಎಂಬ ರೋಗನಿರ್ಣಯದ ಕೋಡ್ ಪಟ್ಟಿಯಲ್ಲಿ ಅದು ಒಂಟಿ ಜೀವ. ಬಸಿರು-ಹೆರಿಗೆಯ ಕೋಡುಗಳಿರುವ 15ನೇ ಅಧ್ಯಾಯದ ಬೇರೆ ಯಾವ ಕೋಡಿನ ಜೊತೆಗೂ ಕೂರುವುದಿಲ್ಲ. ನಿನ್ನೆ ನನಗೆ ಬಂದ ಫೈಲೇ ನೋಡಿ. ಮೊದಲ ಪುಟದಲ್ಲಿ ಎಲ್ಲ ಸಲೀಸು. ಹೆರಿಗೆ ಟಿಪ್ಪಣಿಯ ಕೊನೇ ಸಾಲಿನಲ್ಲಿ ಮೆಲ್ಲಗೆ, ‘ಫಸ್ಟ್ ಡಿಗ್ರಿ ಟೇರ್, ಎರಡು ಹೊಲಿಗೆ’! ಅಲ್ಲಿಗೆ ಓ80 ಹೋಯ್ತು, ಆ ಸೀಳಿನ ಕೋಡ್ ಓ70.0 ಬಂತು.

ಬರೀ ಎಪಿಸಿಯಾಟಮಿ (ಹೆರಿಗೆಗೆಂದು ಬೇಕಂತಲೇ ಹಾಕುವ ಕೊಯ್ತ) ಆಗಿದ್ದರೆ ಓ80 ಉಳಿಯುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ.

ಓ80 ಜೊತೆ ತಾಯಿಯ ಫೈಲಿಗೆ ಝಡ್37.0 (ಒಂದೇ ಮಗು, ಜೀವಂತ ಜನನ) ಮರೆಯಬೇಡಿ. ಜನನದ ಕೋಡ್ ಝಡ್38 ಮಗುವಿನ ಫೈಲಿನದು, ಸುಮ್ನೆ ತಾಯಿಗೆ ಅಂಟಿಸಬೇಡಿ. ಅನುಮಾನ ಇದ್ದರೆ ಇಲ್ಲೇ ಕೇಳಿ, ಆದರೆ ಪೇಷಂಟ್ ಹೆಸರು, ಫೈಲ್ ಫೋಟೊ ಹಾಕಬೇಡಿ.