ಊರು ಅಲ್ಲೇ ಇದೆ, ಜಿಲ್ಲೆ ಓಡಾಡಿದೆ

ಮಾನ್ಯರೇ,

ನಮ್ಮ ಮುತ್ತಜ್ಜ ಹರಪನಹಳ್ಳಿ ಕಡೆಯಿಂದ ದಾವಣಗೆರೆಯ ಹತ್ತಿ ಮಿಲ್ಲಿಗೆ ಕೂಲಿಗೆ ಬಂದವರು. ಅವರ ವಂಶವೃಕ್ಷ ಬರೆಯೋಣ ಅಂತ ಕೂತೆ. ಕಾಗದ ಹುಡುಕುವುದೆಲ್ಲಿ? ಅವರು ಹುಟ್ಟಿದಾಗ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಮೈಸೂರಿಗೆ ಸೇರಿತು. 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, ಈಗ ವಿಜಯನಗರ! ಒಂದು ಕಚೇರಿಯಲ್ಲಿ ಕೇಳಿದರೆ ಇನ್ನೊಂದರತ್ತ ಕೈ ತೋರಿಸುತ್ತಾರೆ. ಆಸ್ತಿ ಇದ್ದವರಿಗೆ ಹಳೇ ಪಹಣಿಯಾದರೂ ಸಿಗುತ್ತದೆ. ಮಿಲ್ ಕೂಲಿಗೆ ಯಾವ ಪಹಣಿ, ಅಲ್ವಾ?

ಕೊನೆಗೆ ಕೈಹಿಡಿದವರು ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರು. ಊರಿನ ಸಂಬಂಧಿಕರ ಮನೆಗೆ ಬಂದಿದ್ದ ಒಬ್ಬ ಹಿರಿಯರು ನಮ್ಮ ಐದು ತಲೆಮಾರನ್ನು ಒಂದೇ ಉಸಿರಿಗೆ ಹೇಳಿಬಿಟ್ಟರು. ಮೂಲ ಊರು, ಮನೆದೇವರು, ಅಣ್ಣತಮ್ಮಂದಿರ ಕವಲು ಎಲ್ಲವೂ ಬಂತು. ಹೆಣ್ಣುಮಕ್ಕಳ ಹೆಸರು ಮಾತ್ರ ಇಲ್ಲ. ಮುತ್ತಜ್ಜಿ ಯಾರ ಮಗಳು ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ.

ಯಾವ ತಾಲ್ಲೂಕಿನ ಯಾವ ಕಾಲದ ದಾಖಲೆ ಎಲ್ಲಿದೆ ಅಂತ ಒಂದು ಪಟ್ಟಿಯನ್ನಾದರೂ ಜಿಲ್ಲಾಡಳಿತ ಹೊರತರಲಿ. ಹೆಳವರ ಬಾಯಲ್ಲಿರುವುದನ್ನು ಈಗಲೇ ರೆಕಾರ್ಡ್ ಮಾಡಿಸಲಿ. ನಮಗೆ ಹೇಳಿದ ಆ ಹಿರಿಯರ ಮಗ ಬೆಂಗಳೂರಿನಲ್ಲಿ ಆಟೊ ಓಡಿಸುತ್ತಿದ್ದಾನೆ.

– ಒಬ್ಬ ಓದುಗ, ದಾವಣಗೆರೆ