ಸಲಹೆ ಒಪ್ಪದಿದ್ದರೂ ಸರಿ, ಉತ್ತರ ಕೊಡಿ: ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರೇ,

ಬಡಾವಣೆಗೊಂದು ಸಲಹಾ ಮಂಡಳಿ ಮಾಡುತ್ತೇವೆ, ಜನರ ಮಾತು ನೇರವಾಗಿ ಪಾಲಿಕೆಗೆ ತಲುಪುವ ಹಾಗೆ ಮಾಡುತ್ತೇವೆ ಅಂತ ನೀವು ಹೇಳಿದ್ದೀರಿ. ಒಳ್ಳೆಯದು. ಕರಡು ನಿಯಮಗಳನ್ನು ಓದಿದೆ. ಮಂಡಳಿಯಲ್ಲಿ ಎಷ್ಟು ಜನ ಇರಬೇಕು, ಅಧ್ಯಕ್ಷರು ಯಾರಾಗಬೇಕು, ಎಷ್ಟು ದಿನಕ್ಕೊಮ್ಮೆ ಸೇರಬೇಕು, ಕೋರಂ ಎಷ್ಟು, ಎಲ್ಲ ಇದೆ. ಮಂಡಳಿ ಒಂದು ಸಲಹೆ ಕೊಟ್ಟ ಮೇಲೆ ಪಾಲಿಕೆ ಏನು ಮಾಡಬೇಕು ಅನ್ನೋದು ಮಾತ್ರ ಎಲ್ಲೂ ಇಲ್ಲ. ಕೊನೆಯಲ್ಲಿ ‘ಸಲಹೆಗಳನ್ನು ಪರಿಗಣಿಸಲಾಗುವುದು’ ಅಂತ ಒಂದು ಸಾಲಿದೆ, ಅಷ್ಟೇ. ಯಾರು ಪರಿಗಣಿಸುತ್ತಾರೆ? ಎಷ್ಟು ದಿನದೊಳಗೆ? ಪರಿಗಣಿಸಿದ್ದು ನಮಗೆ ಗೊತ್ತಾಗೋದು ಹೇಗೆ? ಆ ಒಂದು ಸಾಲಿಗಾಗಿಯೇ ಈ ಪತ್ರ.

ಸಹಾಯವಾಣಿ ಇದೆ, ಆ್ಯಪ್ ಇದೆ, ಇನ್ನು ಮಂಡಳಿ ಯಾಕೆ ಅಂತ ನಿಮ್ಮ ಅಧಿಕಾರಿಗಳೇ ನಿಮ್ಮನ್ನು ಕೇಳಿರುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಬೀದಿದೀಪ ಕೆಟ್ಟಿದೆ, ಕಸ ಎತ್ತಿಲ್ಲ, ಇಂಥದ್ದಕ್ಕೆ ಆ್ಯಪ್ ಸಾಕು. ಅದಕ್ಕಾಗಿ ಹತ್ತು ಜನ ಕೂತು ಠರಾವು ಮಾಡಬೇಕಾಗಿಲ್ಲ. ಆದರೆ ಚರಂಡಿ ಉಕ್ಕುವ ವಿಚಾರ ತಗೊಳ್ಳಿ. ಒಬ್ಬರು ದೂರು ಕೊಡುತ್ತಾರೆ. ಯಾರೋ ಬಂದು ಹೂಳೆತ್ತಿ ಹೋಗುತ್ತಾರೆ, ಫೋಟೊ ತೆಗೆದು ಹಾಕುತ್ತಾರೆ, ದೂರು ಮುಕ್ತಾಯ. ಮುಂದಿನ ಮಳೆಗೆ ಮತ್ತೆ ಅದೇ ನೀರು, ಅದೇ ಮನೆ, ಹೊಸ ದೂರು ಸಂಖ್ಯೆ. ಪಾಲಿಕೆಯ ಲೆಕ್ಕದಲ್ಲಿ ಎರಡು ದೂರು ಬಂದವು, ಎರಡೂ ಬಗೆಹರಿದವು.

ಅದೇ ನಾಲ್ಕು ಬೀದಿಯವರು ಒಂದು ಕೋಣೆಯಲ್ಲಿ ಕೂತರೆ ಕಥೆಯೇ ಬೇರೆ. ಮೇಲಿನ ಬೀದಿಯವರು, ನಮ್ಮಲ್ಲಿ ನೀರೇ ನಿಲ್ಲಲ್ಲ ಅನ್ನುತ್ತಾರೆ. ಮೂಲೆ ಮನೆಯವರು, ಮೊದಲು ಗೇಟಿನಿಂದ ರಸ್ತೆಗೆ ಎರಡು ಮೆಟ್ಟಿಲು ಇಳೀಬೇಕಿತ್ತು, ಈಗ ರಸ್ತೆಯೇ ಗೇಟಿನ ಮಟ್ಟಕ್ಕೆ ಬಂದಿದೆ ಅನ್ನುತ್ತಾರೆ. ಇನ್ನೊಬ್ಬರು, ರಸ್ತೆ ಮಾಡಿದ ವರ್ಷದಿಂದಲೇ ಇದು ಶುರುವಾಗಿದ್ದು ಅನ್ನುತ್ತಾರೆ. ಆಗ ಗುಟ್ಟು ಹೊರಗೆ ಬರುತ್ತದೆ. ಹಳೇ ಡಾಂಬರು ಕೆತ್ತಿ ತೆಗೆಯದೆ ಅದರ ಮೇಲೇ ಹೊಸ ಪದರ ಹಾಕುತ್ತಾ ಬಂದಿದ್ದಾರೆ, ರಸ್ತೆ ಏರಿದೆ, ಇಳಿಜಾರು ತಿರುಗಿದೆ, ನೀರು ಚರಂಡಿಯ ಕಿಂಡಿ ಕಡೆ ಹೋಗುವ ಬದಲು ಮನೆಗಳ ಕಡೆ ನುಗ್ಗುತ್ತಿದೆ. ಹೂಳು ಎಷ್ಟು ಎತ್ತಿದರೂ ಇದು ಸರಿಯಾಗಲ್ಲ. ಸರಿ ಮಾಡಬೇಕಾದವರು ಚರಂಡಿ ವಿಭಾಗದವರಲ್ಲ, ರಸ್ತೆ ವಿಭಾಗದವರು. ಬಿಡಿಬಿಡಿಯಾಗಿ ದೂರು ಕೊಡುವ ನೂರು ಜನರಿಗೆ ಇದು ಕಾಣಲ್ಲ, ದೂರು ಮುಗಿಸುವ ಸಿಬ್ಬಂದಿಗೂ ಕಾಣಲ್ಲ. ಮಂಡಳಿ ಬೇಕಾಗಿರುವುದು ಇಂಥದ್ದಕ್ಕೆ.

ಸರಿ, ಮಂಡಳಿಗೆ ಗೊತ್ತಾಯಿತು. ಮುಂದೆ? ಮುಂದಿನ ಸಲ ಡಾಂಬರು ಹಾಕುವ ಮುಂಚೆ ಹಳೇ ಪದರ ಕೆತ್ತಿ ಅಂತ ಬರೆದು ಕಳಿಸುತ್ತಾರೆ. ಪತ್ರ ಹೋಗುತ್ತದೆ. ಮುಂದಿನ ಸಭೆಗೆ ಒಬ್ಬ ಕಿರಿಯ ಎಂಜಿನಿಯರ್ ಬರುತ್ತಾರೆ. ಪಾಪ, ಅವರ ಕೈಯಲ್ಲಿ ಏನೂ ಇಲ್ಲ, ‘ಮೇಲಿನವರ ಗಮನಕ್ಕೆ ತಂದಿದ್ದೇನೆ’ ಅನ್ನುತ್ತಾರೆ. ಅದರ ಮುಂದಿನ ಸಭೆಗೆ ಅವರಿಗೆ ವರ್ಗವಾಗಿರುತ್ತದೆ, ಹೊಸಬರು ಬಂದು ನೋಟ್‌ಬುಕ್ ತೆಗೆದು ‘ಏನು ಸಮಸ್ಯೆ ಹೇಳಿ’ ಅನ್ನುತ್ತಾರೆ. ನಡಾವಳಿ ಪುಸ್ತಕದಲ್ಲಿ ಅದೇ ವಿಷಯ ಮೂರನೇ ಸಲ, ‘ಪರಿಶೀಲನೆಯಲ್ಲಿದೆ’ ಅನ್ನುವ ಷರಾದ ಜೊತೆ. ಆಗಲೂ ಇಲ್ಲ, ಇಲ್ಲ ಅಂತಲೂ ಅನ್ನಲಿಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ವರ್ಷ ಕಳೆಯುವಷ್ಟರಲ್ಲಿ ಸಭೆಗೆ ಬರುವವರು ಅರ್ಧಕ್ಕೆ ಇಳಿದಿರುತ್ತಾರೆ. ಜನರಿಗೆ ಆಸಕ್ತಿಯೇ ಇಲ್ಲ ಅಂತ ಆಮೇಲೆ ನಿಮಗೆ ವರದಿ ಬರುತ್ತದೆ. ಆಸಕ್ತಿ ಇತ್ತು ಸ್ವಾಮಿ. ಉತ್ತರ ಇರಲಿಲ್ಲ.

ಇದಕ್ಕೆ ದಾರಿ ಹುಡುಕಿದ ಊರುಗಳಿವೆ. ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ ನೆರೆಹೊರೆ ಸಲಹಾ ಆಯೋಗಗಳು ಅಂತ ಇವೆ. 1973ರ ಸ್ವಯಮಾಡಳಿತ ಕಾಯ್ದೆಯಲ್ಲಿ ಅವುಗಳ ಬೇರು. ಸುಮಾರು 2,000 ಜನರಿಗೊಬ್ಬ ಆಯುಕ್ತ (ಅಂದರೆ ಆಯೋಗದ ಸದಸ್ಯ), ಎರಡು ವರ್ಷದ ಅವಧಿ, ಸಂಬಳ ಇಲ್ಲ, ಆದರೆ ಚುನಾವಣೆಯಲ್ಲಿ ಗೆದ್ದೇ ಬರಬೇಕು. ಭೂಬಳಕೆ, ಮದ್ಯದ ಲೈಸೆನ್ಸ್, ರಸ್ತೆ, ಬಜೆಟ್, ಎಲ್ಲದರ ಬಗ್ಗೆಯೂ ಸಲಹೆ ಕೊಡಬಹುದು. ಆ ಸಲಹೆಯನ್ನು ನಗರ ಒಪ್ಪಲೇಬೇಕು ಅಂತೇನಿಲ್ಲ. ಆದರೆ ಅದಕ್ಕೆ ‘ಹೆಚ್ಚಿನ ತೂಕ’ ಕೊಡಬೇಕು ಅಂತ ಕಾನೂನು ಹೇಳುತ್ತದೆ. ತೂಕ ಕೊಡುವುದು ಅಂದರೆ ಏನು ಅಂತ ಅಲ್ಲೂ ಜಗಳ ಆಯಿತು. ಒಂದು ಮದ್ಯದ ಲೈಸೆನ್ಸಿನ ವಿಚಾರ ಕೋರ್ಟ್ ಮೆಟ್ಟಿಲು ಹತ್ತಿತು, 1977ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಬಿಡಿಸಿ ಹೇಳಿತು. ಇಲಾಖೆ ಆಯೋಗದ ಮಾತಿಗೆ ತಲೆಬಾಗಬೇಕಾಗಿಲ್ಲ, ಆದರೆ ಆಯೋಗ ಎತ್ತಿದ ಒಂದೊಂದು ಆಕ್ಷೇಪವನ್ನೂ ಹೆಸರಿಸಿ, ಅದು ಯಾಕೆ ಒಪ್ಪಿಗೆಯಾಯಿತು ಅಥವಾ ಯಾಕೆ ಆಗಲಿಲ್ಲ ಅಂತ ತನ್ನ ತೀರ್ಮಾನದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಗಮನಿಸಿದ್ದೇವೆ ಅಂತ ಬರೆದು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಇದು ಸಣ್ಣ ವಿಷಯ ಅನಿಸಬಹುದು, ಆದರೆ ಇದರ ಪರಿಣಾಮ ಸಣ್ಣದಲ್ಲ. ಕಾರಣ ಬರೆಯಬೇಕು ಅಂದ ತಕ್ಷಣ ಯಾರಾದರೂ ಒಬ್ಬರು ಆ ಸಲಹೆಯನ್ನು ನಿಜವಾಗಿ ಓದಲೇಬೇಕಾಗುತ್ತದೆ. ಒಪ್ಪಲ್ಲ ಅಂತ ಬರೆದರೂ ನಮಗೆ ಲಾಭವೇ. ದುಡ್ಡಿಲ್ಲ ಅಂದರೆ ಬಜೆಟ್ ಹೊತ್ತಿಗೆ ಕೇಳಬಹುದು, ನಮ್ಮ ವ್ಯಾಪ್ತಿಗೆ ಬರಲ್ಲ ಅಂದರೆ ಯಾರ ವ್ಯಾಪ್ತಿ ಅಂತ ತಿಳಿಯುತ್ತದೆ, ತಾಂತ್ರಿಕವಾಗಿ ಆಗಲ್ಲ ಅಂದರೆ ನಮ್ಮ ಬಡಾವಣೆಯಲ್ಲೇ ಇರುವ ನಿವೃತ್ತ ಎಂಜಿನಿಯರೊಬ್ಬರು ನೋಡಿ ಹೌದೋ ಅಲ್ಲವೋ ಹೇಳುತ್ತಾರೆ. ಎಲ್ಲ ಬಡಾವಣೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ, ಮತ್ತು ಅವರಿಗೆ ಸಾಕಷ್ಟು ಟೈಮೂ ಇರುತ್ತದೆ.

ನ್ಯೂಯಾರ್ಕ್‌ನಲ್ಲೂ ಹೀಗೇ ಒಂದು ವ್ಯವಸ್ಥೆ ಇದೆ, ಬಜೆಟ್ ವಿಚಾರದಲ್ಲಿ. ಅಲ್ಲಿ 59 ಸಮುದಾಯ ಮಂಡಳಿಗಳಿವೆ, ಒಂದೊಂದರಲ್ಲೂ 50 ಜನರವರೆಗೆ. ಅವರಿಗೆ ಚುನಾವಣೆ ಇಲ್ಲ, ನೇಮಕ. ಅಧಿಕಾರವೂ ಅಷ್ಟಕ್ಕಷ್ಟೇ, ಬರೀ ಸಲಹೆ. ಆದರೆ ಪ್ರತಿ ವರ್ಷ ನಮ್ಮ ಕಡೆಗೆ ಇದು ಬೇಕು, ಅದು ಬೇಕು ಅಂತ ಆದ್ಯತೆಯ ಪಟ್ಟಿ ಕೊಡುತ್ತಾರೆ, ಒಂದೊಂದು ಬೇಡಿಕೆಗೂ ಸಂಬಂಧಪಟ್ಟ ಇಲಾಖೆ ಉತ್ತರ ಕೊಡುತ್ತದೆ, ಅದು ಎಲ್ಲರಿಗೂ ಕಾಣುವ ಹಾಗೆ ಪ್ರಕಟವಾಗುತ್ತದೆ. ದೊಡ್ಡ ಜಾಗದ ಬಳಕೆ ಬದಲಾಗುವ ಅರ್ಜಿ ಬಂದರೆ ಮಂಡಳಿಗೆ 60 ದಿನ ಇರುತ್ತದೆ, ಅಷ್ಟರಲ್ಲಿ ಜನರ ಮಾತು ಕೇಳಿ ಅಭಿಪ್ರಾಯ ಹೇಳಬೇಕು. ಎಲ್ಲ ತೀರ್ಮಾನ ಆದ ಮೇಲೆ ಅಲ್ಲ, ಮುಂಚೆ. ನಮ್ಮಲ್ಲಿ ಟೆಂಡರ್ ಕರೆದು, ಗುತ್ತಿಗೆದಾರರು ರಸ್ತೆ ಅಗೆದ ಮೇಲೆ ‘ನಿಮ್ಮ ಸಲಹೆ ಏನು’ ಅಂತ ಕೇಳೋದು, ಅದನ್ನು ಸಲಹೆ ಅಂತ ಯಾಕೆ ಕರೀಬೇಕು?

ಈಗ ಇನ್ನೊಂದು ಕಡೆಯನ್ನೂ ಹೇಳಲೇಬೇಕು, ಇಲ್ಲದಿದ್ದರೆ ಈ ಪತ್ರ ಬರೀ ವಕಾಲತ್ತು ಆಗುತ್ತದೆ. ಮಂಡಳಿಗಳು ಅಂದ ತಕ್ಷಣ ಅದೇ ಜನರ ದನಿ ಅಂತ ನಾನು ನಂಬಲ್ಲ. ವಾರದ ದಿನ ಸಂಜೆ ಎರಡು ಗಂಟೆ ಕೂರಲು ಯಾರಿಗೆ ಸಾಧ್ಯವೋ ಅವರ ದನಿ ಅದು. ಹೆಚ್ಚಾಗಿ ಸ್ವಂತ ಮನೆ ಇರುವವರು, ವಯಸ್ಸಾದವರು, ಮೈಕ್ ಹಿಡಿದರೆ ಬಿಡದವರು. ಬಾಡಿಗೆ ಮನೆಯವರು, ಶಿಫ್ಟ್ ಕೆಲಸದವರು, ಚಿಕ್ಕ ಮಕ್ಕಳಿರುವ ಅಮ್ಮಂದಿರು ಅಲ್ಲಿ ಕಾಣಲ್ಲ. ಹಾಗೆ ಕೂತ ಮಂಡಳಿ ಬಸ್ ಸ್ಟಾಪ್ ನಮ್ಮ ಮನೆ ಮುಂದೆ ಬೇಡ, ಹಾಸ್ಟೆಲ್ ನಮ್ಮ ಬೀದಿಯಲ್ಲಿ ಬೇಡ, ಅಂಗಡಿ ಬೇಡ, ಆಟದ ಮೈದಾನಕ್ಕೆ ಹೊರಗಿನ ಮಕ್ಕಳು ಬೇಡ ಅಂತ ಒಂದಾದ ಮೇಲೊಂದು ಠರಾವು ಪಾಸು ಮಾಡುತ್ತಾ ಹೋಗಬಹುದು. ಸಿಯಾಟಲ್‌ನಲ್ಲಿ ಇದೇ ಕಾರಣ ಕೊಟ್ಟು 2016ರಲ್ಲಿ ಅಲ್ಲಿನ ಮೇಯರ್ ನಗರದೊಳಗಿನ 13 ಪ್ರದೇಶಗಳ ‘ಜಿಲ್ಲಾ ಮಂಡಳಿ’ಗಳ ಜೊತೆ ನಗರದ ಅಧಿಕೃತ ಸಂಬಂಧವನ್ನೇ ಕಡಿದುಹಾಕಿದರು. ಬರುವವರು ಬಹುಪಾಲು ವಯಸ್ಸಾದ ಬಿಳಿಯ ಮನೆಮಾಲೀಕರು, ನಗರದ ಉಳಿದವರು ಇಲ್ಲಿ ಇಲ್ಲವೇ ಇಲ್ಲ ಅನ್ನುವುದು ವಾದ. ದೂರು ಸುಳ್ಳಲ್ಲ. ಆದರೆ ಬಾಗಿಲು ಕಿರಿದಾಗಿದೆ ಅಂತ ಬಾಗಿಲನ್ನೇ ಮುಚ್ಚಿದ್ದು ನನಗೆ ಸರಿ ಕಾಣಲಿಲ್ಲ.

ಹಾಗಾಗಿಯೇ ಮಂಡಳಿಗೆ ತಡೆಯುವ ಅಧಿಕಾರ ಕೊಡಿ ಅಂತ ನಾನು ಕೇಳುತ್ತಿಲ್ಲ. ಇಡೀ ನಗರದ ಹಿತ ನೋಡಬೇಕಾದವರು ನೀವು ಮತ್ತು ಚುನಾಯಿತ ಸದಸ್ಯರು. ಹಾಸ್ಟೆಲ್ ಬೇಡ ಅಂತ ಒಂದು ಮಂಡಳಿ ಹೇಳಿದರೆ, ಇಲ್ಲ, ಆಗುತ್ತದೆ, ಇಂಥ ಕಾರಣಕ್ಕೆ ಆಗುತ್ತದೆ ಅಂತ ನೀವು ಬರೆಯಿರಿ. ನಾನು ನಿಮ್ಮ ಪರ ನಿಲ್ಲುತ್ತೇನೆ.

ಯಾರು ಕೂರಬೇಕು ಅನ್ನೋ ಬಗ್ಗೆ ನಿಮ್ಮ ಕರಡಿನಲ್ಲಿ ‘ನಿವಾಸಿಗಳು’ ಅಂತ ಮಾತ್ರ ಇದೆ. ಲಾಸ್ ಏಂಜಲೀಸ್‌ನಲ್ಲಿ ಸ್ವಲ್ಪ ಬೇರೆ ಥರ. ಅಲ್ಲಿ 1999ರಲ್ಲಿ ಮತದಾರರು ಒಪ್ಪಿದ ನಗರ ಸನ್ನದಿನ (ನಗರಾಡಳಿತದ ಮೂಲ ನಿಯಮಾವಳಿಯ) ಮೂಲಕ ನೆರೆಹೊರೆ ಮಂಡಳಿಗಳು ಬಂದವು. ಆಗ ಅದೇ ನಗರದ ಭಾಗವಾದ ಸ್ಯಾನ್ ಫರ್ನಾಂಡೊ ಕಣಿವೆಯವರು ನಗರಾಡಳಿತ ನಮ್ಮ ಕೈಗೆ ಸಿಗಲ್ಲ, ನಾವೇ ಬೇರೆ ನಗರ ಮಾಡಿಕೊಳ್ಳುತ್ತೇವೆ ಅಂತ ಹೊರಟಿದ್ದರು. ಕೊನೆಗೆ 2002ರ ಮತದಾನದಲ್ಲಿ ಬೇರೆಯಾಗುವ ಪ್ರಸ್ತಾವ ಬಿದ್ದುಹೋಯಿತು, ಮಂಡಳಿಗಳು ಉಳಿದವು. ಆ ಮಂಡಳಿಗಳಲ್ಲಿ ಮನೆ ಇರುವವರಿಗೆ ಮಾತ್ರ ಅಲ್ಲ, ಅಲ್ಲಿ ಕೆಲಸ ಮಾಡುವವರಿಗೂ ಜಾಗ ಇದೆ. ನ್ಯೂಯಾರ್ಕ್‌ನಲ್ಲಿ 2014ರ ಒಂದು ಕಾನೂನಿನಿಂದ 16 ವರ್ಷದವರೂ ಸಮುದಾಯ ಮಂಡಳಿಯ ಸದಸ್ಯರಾಗಬಹುದು. ಶಾಲೆ ಎದುರು ರಸ್ತೆ ದಾಟುವ ಕಷ್ಟ ದಿನಾ ಅನುಭವಿಸುವವರು ಅವರೇ ಅಲ್ವಾ? ಬಾಡಿಗೆದಾರರಿಗೆ, ಹೆಂಗಸರಿಗೆ, ಅಲ್ಲೇ ಬೀದಿ ಬದಿ ವ್ಯಾಪಾರ ಮಾಡುವವರಿಗೆ ಸೀಟು ಇಡಿ. ಸಭೆ ಒಂದು ಸಲ ಸಂಜೆ ಆದರೆ ಇನ್ನೊಂದು ಸಲ ಭಾನುವಾರ ಬೆಳಿಗ್ಗೆ ಇರಲಿ. ಇದಕ್ಕೆ ಖರ್ಚೇನೂ ಇಲ್ಲ.

ನಿಮ್ಮ ಪಾಲಿಕೆ ಸದಸ್ಯರಿಗೆ ಇದು ಅಷ್ಟಾಗಿ ಹಿಡಿಸಲ್ಲ, ಅದೂ ಗೊತ್ತು. ಜನ ನಮ್ಮನ್ನು ಆರಿಸಿ ಕಳಿಸಿದ್ದಾರೆ, ಇನ್ನು ಈ ಮಂಡಳಿಯವರು ಯಾರು ಅನ್ನುತ್ತಾರೆ. ಭಾರತದಲ್ಲಿ 1992ರ 74ನೇ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದಲ್ಲೇ ಬರೆದಿಟ್ಟಿತು. ಆದರೂ ಎಷ್ಟೋ ಕಡೆ ಸಮಿತಿ ಕಾಗದದ ಮೇಲೇ ಉಳಿಯಿತು. ಸಮಿತಿಯಲ್ಲಿ ಯಾರಿರಬೇಕು, ಹೇಗೆ ಆರಿಸಬೇಕು ಅನ್ನುವುದನ್ನು ಸಂವಿಧಾನ ರಾಜ್ಯಗಳ ಶಾಸನಸಭೆಗೆ ಬಿಟ್ಟಿದೆ, ಅಲ್ಲಿ ಯಾರಿಗೂ ಅವಸರ ಇರಲಿಲ್ಲ. ಸದಸ್ಯರಿಗೆ ನಾನು ಹೇಳುವುದಿಷ್ಟೇ: ಬೆಳಗಾದರೆ ಮನೆ ಬಾಗಿಲಿಗೆ ಬರುವ ಐವತ್ತು ಜನರ ಐವತ್ತು ಅರ್ಜಿಗಿಂತ, ಜಗಳ ಆಡಿ, ಸೋಸಿ, ಯಾವುದು ಮೊದಲು ಯಾವುದು ಆಮೇಲೆ ಅಂತ ತಾವೇ ತೀರ್ಮಾನಿಸಿಕೊಂಡು ಬಂದ ಒಂದು ಪಟ್ಟಿ ನಿಮಗೆ ಸುಲಭ. ಬೈಗುಳವೂ ಹಂಚಿಹೋಗುತ್ತದೆ.

ಇನ್ನು ಅಧಿಕಾರಿಗಳ ಮಾತು. ಉತ್ತರ ಬರೆಯುತ್ತಾ ಕೂತರೆ ಕೆಲಸ ಯಾವಾಗ ಮಾಡೋದು ಅನ್ನುತ್ತಾರೆ. ಈಗ ಅದೇ ವಿಷಯಕ್ಕೆ ಬರುವ ಫೋನು, ಅರ್ಜಿ, ಮತ್ತೆ ಮತ್ತೆ ಸ್ಥಳ ಪರಿಶೀಲನೆ, ಮತ್ತೆ ಮತ್ತೆ ಹೂಳೆತ್ತುವುದು, ಇದಕ್ಕೆಲ್ಲ ಎಷ್ಟು ಸಮಯ ಹೋಗುತ್ತಿದೆ ಅಂತ ಅವರೇ ಲೆಕ್ಕ ಹಾಕಲಿ. ಬಾಯಲ್ಲಿ ಹೇಳಿದ್ದಕ್ಕೆಲ್ಲ ಉತ್ತರ ಬರೆಯಿರಿ ಅಂತ ಯಾರೂ ಕೇಳುತ್ತಿಲ್ಲ. ಮಂಡಳಿ ಸಭೆ ಕರೆದು, ಕೋರಂ ಇದ್ದು, ಠರಾವು ಮಾಡಿ, ಬರೆದು ಕಳಿಸಿದ ಸಲಹೆಗೆ ಮಾತ್ರ. ಸಭೆಗೆ ಬರುವ ಅಧಿಕಾರಿ ಕಿರಿಯರಾದರೂ ಪರವಾಗಿಲ್ಲ, ಉತ್ತರಕ್ಕೆ ಸಹಿ ಹಾಕುವವರು ತೀರ್ಮಾನ ಮಾಡುವ ಮಟ್ಟದವರಾಗಿರಲಿ.

ಕೊನೆಯ ಆ ಸಾಲನ್ನು ತೆಗೆದು ಹೀಗೆ ಬರೆಯಿರಿ: ‘ಮಂಡಳಿಯ ಲಿಖಿತ ಸಲಹೆ ತಲುಪಿದ 30 ದಿನದೊಳಗೆ, ಅದನ್ನು ಒಪ್ಪಲಾಗಿದೆಯೇ ಇಲ್ಲವೇ, ಕಾರಣವೇನು ಅನ್ನುವುದನ್ನು ಸಂಬಂಧಪಟ್ಟ ವಿಭಾಗದ ಮುಖ್ಯಸ್ಥರು ಲಿಖಿತವಾಗಿ ತಿಳಿಸಬೇಕು. ಸಲಹೆ ಮತ್ತು ಉತ್ತರ ಎರಡನ್ನೂ ಸಾರ್ವಜನಿಕವಾಗಿ ಪ್ರಕಟಿಸಬೇಕು. ಬಡಾವಣೆಯ ರಸ್ತೆ, ಚರಂಡಿ, ಉದ್ಯಾನ, ಭೂಬಳಕೆಗೆ ಸಂಬಂಧಿಸಿದ ಕಾಮಗಾರಿ ಅಥವಾ ಬದಲಾವಣೆಯ ವಿವರವನ್ನು ತೀರ್ಮಾನಕ್ಕೆ ಮುಂಚೆಯೇ ಮಂಡಳಿಗೆ ಕಳಿಸಬೇಕು.’ ಪದಗಳನ್ನು ನಿಮ್ಮ ಕಾನೂನು ವಿಭಾಗದವರು ಹೇಗೆ ಬೇಕಾದರೂ ತಿದ್ದಲಿ. 30 ದಿನ ಸಾಲದು ಅಂದರೆ 45 ಮಾಡಲಿ. ದಿನದ ಲೆಕ್ಕ ಇರಬೇಕು, ಕಾರಣ ಇರಬೇಕು, ಸಹಿ ಇರಬೇಕು.

ಇದನ್ನು ಸೇರಿಸಲು ಆಗಲ್ಲ ಅನ್ನುವುದಾದರೆ, ಯಾಕೆ ಆಗಲ್ಲ ಅಂತ ನಿಯಮಗಳು ಜಾರಿಗೆ ಬರುವ ಮುಂಚೆ ಬರೆದು ತಿಳಿಸಿ.

ಇಂತಿ,
ಮಂಡಳಿಗೆ ಅರ್ಜಿ ಹಾಕಬೇಕೋ ಬೇಡವೋ ಅಂತ ಯೋಚಿಸುತ್ತಿರುವ ನಿಮ್ಮ ನಗರದ ಒಬ್ಬ ನಿವಾಸಿ