ನಾಣಚ್ಚಿ ಗೇಟಿಗೆ ಬರುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ಏಪ್ರಿಲ್ ರಜೆಯಲ್ಲಿ ಒಂದೇ ದಿನಕ್ಕೆ ನಾಗರಹೊಳೆ ಸಫಾರಿ, ಇರ್ಪು ಜಲಪಾತ, ದುಬಾರೆ ಆನೆ ಶಿಬಿರ ಮೂರೂ ಮುಗಿಯುವ ಹಾಗೆ ಲೆಕ್ಕ ಹಾಕಿಕೊಡು ಅಂತ ಬರೆದಿದ್ದೀಯ. ದುಬಾರೆಯನ್ನು ಈಗಲೇ ಹೊಡೆದುಹಾಕು. ಅದು ಕುಶಾಲನಗರದ ಮಗ್ಗುಲಲ್ಲಿದೆ, ನೀವು ಸಫಾರಿಗೆ ಬರಬೇಕಾದ ಕುಟ್ಟ ಇರುವುದು ಕೊಡಗಿನ ದಕ್ಷಿಣದ ತುದಿಯಲ್ಲಿ, ಕೇರಳದ ಗಡಿಗೆ ಅಂಟಿಕೊಂಡು. ಮ್ಯಾಪ್‌ನಲ್ಲಿ ಎರಡೂ ಒಂದೇ ಜಿಲ್ಲೆ, ದಾರಿಯಲ್ಲಿ ಗಂಟೆಗಟ್ಟಲೆ. ಆನೆ ಹತ್ತಿರದಿಂದ ನೋಡಲು ಬೇರೆ ಜಾಗ ಹೇಳುತ್ತೇನೆ, ಅದು ನೀವು ಮೈಸೂರಿಗೆ ವಾಪಸು ಹೋಗುವ ರಸ್ತೆಯಲ್ಲೇ ಸಿಗುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಪತ್ರದ ತುಂಬ ಹುಲಿ ಇದೆ, ಮಗಳು, ನಿನ್ನ ಅಮ್ಮ, ನಾಲ್ಕು ವರ್ಷದ ಮಗ ಇರುವುದು ಒಂದೇ ಸಾಲಿನಲ್ಲಿ. ಲೆಕ್ಕ ಶುರುವಾಗಬೇಕಾದದ್ದು ಮಗನಿಂದ. ಸಫಾರಿ ವಾಹನ ಹತ್ತಿದ ಮೇಲೆ ಮುಗಿಯುವವರೆಗೂ ಇಳಿಯುವ ಹಾಗಿಲ್ಲ. ಒಂದಕ್ಕೆ ಬಂತು, ಹಸಿವಾಯಿತು, ವಾಂತಿ ಬಂತು ಅಂದರೂ ಕಾಡಿನ ನಡುವೆ ಗಾಡಿ ನಿಲ್ಲಿಸಿ ಇಳಿಸುವುದಿಲ್ಲ. ಹುಲಿ ಕಾಣುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ನಾಗರಹೊಳೆ ಉದ್ಯಾನ 643 ಚದರ ಕಿಲೋಮೀಟರ್. ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಪ್ರಕಾರ ಯಾವುದೇ ಹುಲಿ ಮೀಸಲಿನ ನಡುಗಾಡಿನಲ್ಲಿ (ಕೋರ್ ವಲಯ) ಶೇ. 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಿಡುವಂತಿಲ್ಲ. ಉಳಿದದ್ದರಲ್ಲಿ ಹುಲಿ ತನ್ನ ಪಾಡಿಗೆ ಇರುತ್ತದೆ, ಇರಲಿ.

ಮೊದಲ ಕೆಲಸ, ಸಫಾರಿ ನಡೆಯುತ್ತಿದೆಯೇ ಅಂತ ಹೊರಡುವ ವಾರ ವಿಚಾರಿಸುವುದು. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಸತ್ತಾಗ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿತ್ತು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ, ಮಳೆಗಾಲದಲ್ಲಿ ದಾರಿ ಕೆಸರೆದ್ದರೆ ಆಗಲೂ ನಿಲ್ಲಿಸಬಹುದು. ಹೋದ ವರ್ಷದ ವಿಡಿಯೋ ನೋಡಿ ಹೊರಟು ಬಂದು ಗೇಟಿನಿಂದ ಹಿಂದಿರುಗುವವರು ಇದ್ದೇ ಇರುತ್ತಾರೆ.

ಎರಡನೆಯದು ಗೇಟು. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ನಾಗರಹೊಳೆ ಸಫಾರಿ ಅಂದರೆ ಒಂದು ಜಾಗವಲ್ಲ. ಕೊಡಗಿನ ಕಡೆಯಿಂದ ಕುಟ್ಟದ ಹತ್ತಿರ ನಾಣಚ್ಚಿ ಗೇಟು, ಹುಣಸೂರಿನ ಕಡೆಯಿಂದ ವೀರನಹೊಸಹಳ್ಳಿ, ಎಚ್.ಡಿ. ಕೋಟೆಯ ಕಡೆ ಕಬಿನಿ ಹಿನ್ನೀರಿಗೆ ಸಮೀಪ ದಮ್ಮನಕಟ್ಟೆ. ಮೂರರ ಟಿಕೆಟ್ಟೂ ಬೇರೆ ಬೇರೆ. ಕಬಿನಿ ಅಂತ ಬುಕ್ ಮಾಡಿ ಕುಟ್ಟದಲ್ಲಿ ರೂಮು ಹಿಡಿದರೆ ಬೆಳಗಿನ ಸಫಾರಿ ಕೈತಪ್ಪಿದ ಹಾಗೇ. ಬುಕ್ ಮಾಡುವಾಗ ಗೇಟಿನ ಹೆಸರು ಓದು, ಆಮೇಲೆ ದುಡ್ಡು ಕಟ್ಟು. ನಿಮಗೆ ನಾಣಚ್ಚಿ ಸರಿ. ಶನಿವಾರ, ಭಾನುವಾರ ಬೇಡ, ಬುಧವಾರವೋ ಗುರುವಾರವೋ ಬನ್ನಿ. ಆಧಾರ್‌ನಲ್ಲಿ ಇದ್ದ ಹಾಗೇ ಹೆಸರು ಕೊಡು, ಅಸಲು ಕಾರ್ಡನ್ನೂ ತಗೊಂಡು ಬಾ.

ದಾರಿ ವಿಷಯ. ಮೈಸೂರಿನಿಂದ ಫೋನು ನಿಮಗೆ ಹುಣಸೂರು, ವೀರನಹೊಸಹಳ್ಳಿ, ನಾಗರಹೊಳೆ ಮೂಲಕ ಕುಟ್ಟಕ್ಕೆ ಕಾಡಿನೊಳಗಿನ ದಾರಿ ತೋರಿಸುತ್ತದೆ. ಹತ್ತಿರದ ದಾರಿ ಹೌದು, ಚೆಂದವೂ ಹೌದು. ಆದರೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. ಚೆಕ್‌ಪೋಸ್ಟ್‌ನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ಆಚೆ ಗೇಟಿನಲ್ಲಿ ಅದನ್ನು ನೋಡುತ್ತಾರೆ. ನಡುವೆ ನಿಲ್ಲಿಸುವುದು, ಇಳಿಯುವುದು, ಕೋತಿಗೆ ಬಿಸ್ಕತ್ತು ಎಸೆಯುವುದು ಯಾವುದೂ ಇಲ್ಲ. ಮಧ್ಯಾಹ್ನ 3ರೊಳಗೆ ಹುಣಸೂರು ದಾಟುವುದಾದರೆ ಈ ದಾರಿ ಹಿಡಿ. ತಡವಾದರೆ ಹಟ ಮಾಡದೆ ತಿತಿಮತಿ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲದ ಮೇಲೆ ಬಾ. ಪೆಟ್ರೋಲ್, ನಗದು, ಮಾತ್ರೆ ಏನಿದ್ದರೂ ಗೋಣಿಕೊಪ್ಪದಲ್ಲೇ ಮುಗಿಸು. ಗೇಟಿನ ಹತ್ತಿರ ನೆಟ್‌ವರ್ಕ್ ನಂಬಬೇಡ. ಫೋನಿನಲ್ಲೇ ದುಡ್ಡು ಕಟ್ಟಿ ಅಭ್ಯಾಸವಾದವರು ಕೌಂಟರ್ ಮುಂದೆ ಫೋನನ್ನು ಆಕಾಶಕ್ಕೆ ಹಿಡಿದು ನಿಲ್ಲುತ್ತಾರೆ.

ಬೆಳಗಿನ ಸಫಾರಿಗೆ ಹಿಂದಿನ ರಾತ್ರಿ ಕುಟ್ಟ ಇಲ್ಲವೇ ಶ್ರೀಮಂಗಲದ ಕಡೆ ಹೋಂಸ್ಟೇಯಲ್ಲಿ ಉಳಿಯಬೇಕು, ಇದರಲ್ಲಿ ರಾಜಿ ಬೇಡ. ಮೈಸೂರಿನಿಂದಲೋ ಮಡಿಕೇರಿಯಿಂದಲೋ ರಾತ್ರಿ ಮೂರಕ್ಕೆ ಎಬ್ಬಿಸಿ ಕರೆತಂದ ಮಗು ತಿರುವುಗಳಲ್ಲಿ ವಾಂತಿ ಮಾಡಿ, ಸಫಾರಿ ಗಾಡಿಯಲ್ಲಿ ನಿದ್ದೆ ಹೊಡೆಯುತ್ತದೆ. ಸಂಜೆಯ ಸಫಾರಿ ಯಾಕೆ ಬೇಡ ಅಂತ ನೀನು ಕೇಳಿದ್ದೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಮಳೆ ಬೀಳುವುದು ಮಾಮೂಲು. ಅದಲ್ಲದೆ ಸಂಜೆ ಸಫಾರಿ ಮುಗಿಯುವ ಹೊತ್ತಿಗೆ ಕಾಡಿನ ದಾರಿ ಮುಚ್ಚಿರುತ್ತದೆ. ಕತ್ತಲಲ್ಲಿ ಕಾಫಿ ತೋಟಗಳ ನಡುವಿನ ರಸ್ತೆಯಲ್ಲಿ ಬರಬೇಕು. ಹಲಸು ಬಲಿಯುವ ಕಾಲ, ಆನೆ ತೋಟದಿಂದ ತೋಟಕ್ಕೆ ರಸ್ತೆ ದಾಟುತ್ತವೆ. ಸಿಕ್ಕೇಬಿಟ್ಟರೆ ದೂರದಲ್ಲೇ ನಿಲ್ಲಿಸು, ಹೈ ಬೀಮ್ ಇಳಿಸು, ಹಾರ್ನ್ ಬೇಡ, ಎಂಜಿನ್ ಚಾಲೂ ಇರಲಿ, ಹಿಂದೆ ಬರಲು ಜಾಗ ಇಟ್ಟುಕೊ. ಒಂದು ದಾಟಿತು ಅಂತ ಮುಂದೆ ನುಗ್ಗಬೇಡ. ಹಿಂದೆ ಮರಿ ಇರಬಹುದು. ತಾಯಿ ಮರಿಯ ನಡುವೆ ಕಾರು ತೂರಿಸಿದರೆ ಆನೆ ಲೆಕ್ಕ ಕೇಳದೆ ಬಿಡುವುದಿಲ್ಲ.

ಬೆಳಗಿನ ಹೊಟ್ಟೆ. ಹೊರಡುವ ಮೊದಲು ಚಿಕ್ಕವನಿಗೆ ಹಾಲು ಕೊಡಬೇಡ, ಕುಲುಕಾಟಕ್ಕೆ ಅದೇ ಮೊದಲು ಹೊರಗೆ ಬರುವುದು. ಒಣ ರಸ್ಕು ಎರಡು, ಇಲ್ಲವೇ ಅರ್ಧ ಬಾಳೆಹಣ್ಣು ಸಾಕು. ವಾಂತಿ ಮಾತ್ರೆ ಕೊಡುವುದಾದರೆ ಡಾಕ್ಟರ್ ಕೇಳಿ, ಹೊರಡುವ ಅರ್ಧ ಗಂಟೆ ಮೊದಲೇ ಕೊಡು. ತಲೆ ಸುತ್ತಿದ ಮೇಲೆ ಕೊಟ್ಟರೆ ಮಾತ್ರೆಯೂ ವಾಂತಿಯಲ್ಲೇ ಹೋಗುತ್ತದೆ. ಗೇಟಿಗೆ ಮುಕ್ಕಾಲು ಗಂಟೆ ಮೊದಲು ಬನ್ನಿ, ಗಾಡಿ ಹತ್ತುವ ಹತ್ತು ನಿಮಿಷ ಮೊದಲು ಅಮ್ಮನೂ ಸೇರಿ ಎಲ್ಲರೂ ಶೌಚಾಲಯಕ್ಕೆ ಹೋಗಿಬರಲಿ, ಬಂದಿಲ್ಲ ಅಂದರೂ ಹೋಗಲಿ. ನೀರು ಅರ್ಧ ಲೀಟರಿನ ಸ್ಟೀಲ್ ಬಾಟಲಿಯಲ್ಲಿ, ಗುಟುಕು ಗುಟುಕಾಗಿ. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ, ತಿಂಡಿ ಪೊಟ್ಟಣ ತೆರೆಯುವುದೂ ತಪ್ಪು. ನೂಪುಟ್ಟು (ಒತ್ತು ಶಾವಿಗೆ), ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಎಲ್ಲ ವಾಪಸು ಬಂದಮೇಲೆ. ಹೋಂಸ್ಟೇಯವರಿಗೆ ಹಿಂದಿನ ರಾತ್ರಿಯೇ ಹತ್ತು ಗಂಟೆಗೆ ತಿಂಡಿ ಅಂತ ಹೇಳಿಡು.

ಜೀಪೋ ಬಸ್ಸೋ ಅಂತ ಕೇಳಿದರೆ, ನಿಮ್ಮ ಗುಂಪಿಗೆ ಬಸ್ಸು. ಜೀಪು ಸದ್ದು ಕಡಿಮೆ, ತಿರುಗಿಸಲು ಸುಲಭ. ಆದರೆ ನಾಗರಹೊಳೆಯಲ್ಲಿ ದಾರಿಯ ಎರಡೂ ಬದಿ ಲಂಟಾನ ಪೊದೆ ಗೋಡೆಯ ಹಾಗೆ ಬೆಳೆದಿರುವ ಕಡೆ ಎತ್ತರದ ಸೀಟಿನಿಂದ ಮಾತ್ರ ಆಚೆ ಕಾಣುತ್ತದೆ. ಅಮ್ಮನನ್ನು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರಿಸಬೇಡ. ಗುಂಡಿಗೆ ಇಳಿದಾಗಲೆಲ್ಲ ಎತ್ತಿ ಹಾಕುವುದು ಅದೇ ಸೀಟು. ನಡುವಿನಲ್ಲಿ ಕೂರಲಿ, ಸೊಂಟದ ಹಿಂದೆ ಮಡಿಸಿದ ಶಾಲು ಇರಲಿ. ಮಗ ಕಿಟಕಿಗಲ್ಲ, ನಿಮ್ಮಿಬ್ಬರ ನಡುವೆ. ಕೈ ಹೊರಗೆ ಹಾಕುವುದನ್ನು ತಡೆಯಲು ಬೇರೆ ಉಪಾಯ ಇಲ್ಲ.

ಬಟ್ಟೆಯ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವಷ್ಟು ಬೇಕಿಲ್ಲ. ಬಿಳಿ ಬೇಡ, ಮಣ್ಣುಬಣ್ಣ, ಹಸಿರು ಸಾಕು. ಜಿಂಕೆಗೆ ಬಣ್ಣಕ್ಕಿಂತ ಅಲುಗಾಟ ಬೇಗ ತಿಳಿಯುತ್ತದೆ. ಕೇಸರಿಗೂ ಹಸಿರಿಗೂ ಅದರ ಕಣ್ಣಿಗೆ ಅಷ್ಟು ವ್ಯತ್ಯಾಸವಿಲ್ಲ, ಹುಲಿ ಅಷ್ಟು ಕೆಂಪಗಿದ್ದೂ ಬೇಟೆ ಆಡುವುದು ಅದರಿಂದಲೇ. ಸೆಂಟು ಬೇಡ. ಕಿವಿ ಮುಚ್ಚುವ ಟೋಪಿ ಇರಲಿ, ಏಪ್ರಿಲ್ ಆದರೂ ಬೆಳಗಿನ ಗಾಳಿ ಚುರುಕು. ದೂಳಿಗೆ ಕರ್ಚೀಫು, ಉಬ್ಬಸ ಇದ್ದವರಿಗೆ ಇನ್‌ಹೇಲರ್ ಚೀಲದಲ್ಲಲ್ಲ, ಜೇಬಿನಲ್ಲಿ.

ಮೊಬೈಲನ್ನು ಒಳಗೆ ಬಿಡದಿರಬಹುದು, ಬಿಟ್ಟರೂ ಅದರಲ್ಲಿ ಬರುವ ಆನೆ ಇರುವೆಯಷ್ಟು. ಅದರ ಬದಲು 8x42 (ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ) ಬೈನಾಕ್ಯುಲರ್ ಬಾಡಿಗೆಗೋ ಎರವಲಿಗೋ ತಾ. ಹೆಚ್ಚು ಹಿಗ್ಗಿಸುತ್ತದೆ ಅಂತ 10x50 ತರಬೇಡ, ನಡುಗುವ ಗಾಡಿಯಲ್ಲಿ ಕೈಯ ನಡುಕವೂ ಹತ್ತು ಪಾಲಾಗುತ್ತದೆ. 42ನ್ನು 8ರಿಂದ ಭಾಗಿಸಿದರೆ ಐದು ಮಿಲಿಮೀಟರ್ ಚಿಲ್ಲರೆ. ಕಣ್ಣಿಗೆ ಬರುವ ಬೆಳಕಿನ ಚಕ್ಕೆ ಅಷ್ಟು ಅಗಲ, ಮುಂಜಾವಿನ ಮಬ್ಬಿಗೆ ಸಾಕು. ಮಗಳಿಗೆ ಮನೆಯಲ್ಲೇ ಅಭ್ಯಾಸ ಮಾಡಿಸು: ಮೊದಲು ಬರಿಗಣ್ಣಲ್ಲಿ ಹಿಡಿದು, ಕಣ್ಣು ಕದಲಿಸದೆ ಬೈನಾಕ್ಯುಲರ್ ಎತ್ತಬೇಕು. ಬೈನಾಕ್ಯುಲರ್‌ನಲ್ಲೇ ಹುಡುಕಲು ಹೊರಟರೆ ಎಲೆ ಬಿಟ್ಟು ಬೇರೆ ಕಾಣುವುದಿಲ್ಲ. ದೊಡ್ಡ ಲೆನ್ಸಿನ ಕ್ಯಾಮೆರಾಕ್ಕೆ ಬೇರೆ ಶುಲ್ಕ ಇರುತ್ತದೆ.

ಒಳಗೆ ನೋಡಬೇಕಾದ್ದು ಹಡ್ಲು. ಕಾಡಿನ ನಡುವೆ ತಗ್ಗಿನಲ್ಲಿ ನೀರು ನಿಂತು ಮರ ಬೆಳೆಯದೆ ಹುಲ್ಲೇ ಉಳಿದ ಬಯಲಿಗೆ ಇಲ್ಲಿ ಹಡ್ಲು ಅನ್ನುತ್ತಾರೆ. ಎರಡು ಮಳೆ ಬಿದ್ದು ಹೊಸ ಹುಲ್ಲು ಚಿಗುರಿದ ಹಡ್ಲಿಗೆ ಜಿಂಕೆ, ಕಾಟಿ (ಕಾಡುಕೋಣ), ಆನೆ ಎಲ್ಲ ಮೇಯಲು ಇಳಿಯುತ್ತವೆ. ಚಾಲಕ ಅಲ್ಲಿ ಎಂಜಿನ್ ಆರಿಸಿದಾಗ ‘ಏನೂ ಇಲ್ವಲ್ಲ, ಮುಂದೆ ಹೋಗಿ’ ಅಂತ ಕೂಗುವವರು ಪ್ರತಿ ಬಸ್ಸಿನಲ್ಲೂ ಇರುತ್ತಾರೆ. ನೀನು ಅವರಲ್ಲಿ ಒಬ್ಬನಾಗಬೇಡ. ಜಿಂಕೆಗಳನ್ನು ನೋಡು. ಎಲ್ಲ ತಲೆ ತಗ್ಗಿಸಿ ಮೇಯುತ್ತಿದ್ದರೆ ಸುತ್ತ ಏನೂ ಇಲ್ಲ. ಒಂದು ತಲೆ ಎತ್ತಿ, ಬಾಲ ನಿಗುರಿಸಿ, ಮುಂಗಾಲು ನೆಲಕ್ಕೆ ಕುಟ್ಟಿ, ಮಿಕ್ಕವೂ ಅದೇ ದಿಕ್ಕಿಗೆ ತಿರುಗಿದರೆ, ನೀವು ನೋಡಬೇಕಾದದ್ದು ಜಿಂಕೆಯನ್ನಲ್ಲ, ಅದು ನೋಡುತ್ತಿರುವ ಕಡೆಯನ್ನು. ಜಿಂಕೆ ಸಣ್ಣದಕ್ಕೂ ಬೆಚ್ಚುತ್ತದೆ. ಮರದ ಮೇಲಿನ ಮುಸುವ (ಕರಿಮೋರೆ ಕೋತಿ) ಕೆಳಗೆ ನೋಡುತ್ತ ಕೆಮ್ಮಿದ ಹಾಗೆ ಕೂಗಿದರೆ ನಂಬಬಹುದು. ಕಡವೆ ಕೂಗಿ, ಮತ್ತೆ ಮತ್ತೆ ಕೂಗಿದರೆ ಉಸಿರು ಬಿಗಿಹಿಡಿದು ಕೂರು. ದೂಳಿನಲ್ಲಿ ಹೆಜ್ಜೆ ಕಂಡರೆ ಮಗಳಿಗೆ ತೋರಿಸು: ಉಗುರಿನ ಗುರುತು ಇದ್ದರೆ ಕೆನ್ನಾಯಿಯಂಥ ನಾಯಿ ಜಾತಿ, ಇಲ್ಲದಿದ್ದರೆ ಹುಲಿ ಅಥವಾ ಚಿರತೆ. ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ.

ಆನೆ ಎದುರಾದರೆ ಯಾರೂ ಎದ್ದು ನಿಲ್ಲಬಾರದು. ಕಿವಿ ಬೀಸುತ್ತಿದ್ದರೆ ಸೆಕೆ, ಅಷ್ಟೆ. ಕಿವಿ ಹರಡಿ ನಿಂತರೆ, ಸೊಂಡಿಲು ಸುರುಳಿ ಸುತ್ತಿದರೆ ಅದಕ್ಕೆ ಇಷ್ಟವಿಲ್ಲ ಅಂತ. ಕಣ್ಣಿಗೂ ಕಿವಿಗೂ ನಡುವೆ ಎಣ್ಣೆ ಇಳಿದ ಹಾಗೆ ಕರೆ ಕಂಡರೆ ಮದ. ಚಾಲಕನೇ ಹಿಂದೆ ತೆಗೆಯುತ್ತಾನೆ, ಅವನಿಗೆ ಬುದ್ಧಿ ಹೇಳಲು ಹೋಗಬೇಡಿ.

ತಿಂಡಿ ಆದ ಮೇಲೆ ಇರ್ಪು. ಬ್ರಹ್ಮಗಿರಿಯಿಂದ ಇಳಿಯುವ ಲಕ್ಷ್ಮಣತೀರ್ಥದ ಜಲಪಾತ. ಏಪ್ರಿಲ್‌ನಲ್ಲಿ ನೀರು ಸಣ್ಣದು, ಅದಕ್ಕೇ ಮಕ್ಕಳಿಗೆ ಒಳ್ಳೆಯದು. ಅಮ್ಮ ಮೆಟ್ಟಿಲು ಹತ್ತುವುದು ಬೇಡ, ಕೆಳಗೆ ರಾಮೇಶ್ವರ ದೇವಸ್ಥಾನದಲ್ಲಿ ಕೂತಿರಲಿ. ಮಳೆ ಬಿದ್ದಿದ್ದರೆ ಜಿಗಣೆ ಹತ್ತುತ್ತದೆ. ಉಪ್ಪಿನ ಪೊಟ್ಟಣ ಇಟ್ಟುಕೊ, ಕಿತ್ತು ಎಳೆಯಬೇಡ.

ಊಟ ಗೋಣಿಕೊಪ್ಪದಲ್ಲಿ. ಆಮೇಲೆ ತಿತಿಮತಿ ದಾಟಿ ಮತ್ತಿಗೋಡು ಆನೆ ಶಿಬಿರ, ಮೈಸೂರು ರಸ್ತೆಗೇ ಹತ್ತಿಕೊಂಡಿದೆ. 2020ರಿಂದ ದಸರೆಯ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಇಲ್ಲಿಯವನೇ. ಶಿಬಿರದ ಆನೆಗಳನ್ನು ಕಾಡಿಗೆ ಮೇಯಲು ಬಿಡುತ್ತಾರೆ, ಆದ್ದರಿಂದ ಆ ದಿನ ಆನೆ ಶಿಬಿರದಲ್ಲಿರುವ ಹೊತ್ತು, ನೋಡಲು ಬಿಡುವ ಹೊತ್ತು ಎರಡನ್ನೂ ಮೊದಲೇ ಕೇಳಿಕೊ. ಮಗಳ ಚೀಲದಲ್ಲಿ ಎರಡು ಮೀಟರ್ ದಾರ ಹಾಕಿರು. ಒದ್ದೆ ಮಣ್ಣಿನಲ್ಲಿ ಮುಂಗಾಲಿನ ಹೆಜ್ಜೆ ಸಿಕ್ಕಿದರೆ, ಮಾವುತರನ್ನು ಕೇಳಿ, ಅದರ ಅಂಚಿನ ಸುತ್ತ ದಾರ ಸುತ್ತಿ ಅಳೆಯಲಿ. ಆ ಅಳತೆಯ ಎರಡರಷ್ಟು ಸರಿಸುಮಾರು ಆನೆಯ ಭುಜದ ಎತ್ತರ. ಮುಂಗಾಲಿನದು ದುಂಡಗೆ, ಹಿಂಗಾಲಿನದು ಉದ್ದುದ್ದ. ಹಿಂಗಾಲು ಅಳೆದರೆ ಲೆಕ್ಕ ತಪ್ಪುತ್ತದೆ.

ಸಫಾರಿ ಆ ದಿನ ಇಲ್ಲ ಅಂತಾದರೆ ಕುಟ್ಟದಿಂದ ಗಡಿ ದಾಟಿದ ಕೂಡಲೇ ತೋಲ್ಪೆಟ್ಟಿ, ಅದು ವಯನಾಡು ವನ್ಯಧಾಮದ್ದು, ಅಲ್ಲಿ ಜೀಪ್ ಸಫಾರಿ. ಅದೂ ಮುಚ್ಚಿದ್ದರೆ ಇರ್ಪು, ಮತ್ತಿಗೋಡು ಎರಡೇ ಸಾಕು, ಮಕ್ಕಳು ದೂರುವುದಿಲ್ಲ.

ಯಾವ ವಾರ, ಎಷ್ಟು ಜನ, ಮಗಳ ವಯಸ್ಸೆಷ್ಟು ಅಂತ ಭಾನುವಾರದೊಳಗೆ ಬರೆ. ಅಮ್ಮನಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತದೆಯೇ ಅಂತ ಅವರನ್ನೇ ಕೇಳಿ ಬರೆ, ನೀನೇ ಊಹಿಸಬೇಡ.

ನಿನ್ನವನು